ಕಲ್ಲಿನ ಕೋಟೆಯ ಕಥೆಗಾರ ಮರ್ವಿನ್ ಪೀಕ್



ಮಹಾಪುರುಷರ ಜೀವನಚರಿತ್ರೆಗಳನ್ನು ನೀವು ಪಠ್ಯಪುಸ್ತಕಗಳಲ್ಲಿ ಓದುತ್ತಲೇ ಇದ್ದೀರಿ. ಅವರಲ್ಲಿ ರಾಜ್ಯವನ್ನು ಕಟ್ಟಿದವರುಂಟು, ಯಂತ್ರವನ್ನು ಕಂಡುಹಿಡಿದವರುಂಟು, ದೇಶಕ್ಕಾಗಿ ಸೆರೆಮನೆಯನ್ನು ಸೇರಿದವರುಂಟು. ಇಂದು ನಾನು ಹೇಳಹೊರಟಿರುವುದು ಇವಾವುದನ್ನೂ ಮಾಡದ ಒಬ್ಬನ ಕಥೆಯನ್ನು. ಆತನು ಕಟ್ಟಿದುದು ಒಂದು ಕೋಟೆಯನ್ನು ಮಾತ್ರ. ಅದು ಯಾವ ಭೂಪಟದಲ್ಲಿಯೂ ಇಲ್ಲ. ಕಾಗದ ಮತ್ತು ಶಾಯಿ ಇವೆರಡರಿಂದಲೇ ಎದ್ದುನಿಂತ ಆ ಕೋಟೆಯ ಹೆಸರು ಗಾರ್ಮನ್‌ಘಾಸ್ಟ್. ಅದನ್ನು ಕಟ್ಟಿದವನು ಮರ್ವಿನ್ ಪೀಕ್ ಎಂಬ ಆಂಗ್ಲ ಚಿತ್ರಕಾರ, ಕವಿ ಹಾಗೂ ಕಾದಂಬರಿಕಾರ.

ಕನ್ನಡದಲ್ಲಿಯೇ ಮೆಟ್ರಿಕ್ ಮುಗಿಸಿ ಹೊಟ್ಟೆಪಾಡಿಗಾಗಿ ಈ ಮುಂಬಯಿಯನ್ನು ಸೇರಿದ ನನಗೆ ಆತನ ಪುಸ್ತಕವು ದೊರೆತುದು ಕಾಲುದಾರಿಯ ಹಳೆಯ ಪುಸ್ತಕದಂಗಡಿಯಲ್ಲಿ. ಪಕ್ಕದಲ್ಲಿ ನಿಘಂಟನ್ನು ಇಟ್ಟುಕೊಂಡು ಓದತೊಡಗಿದೆನು. ಮೊದಲ ಹತ್ತು ಪುಟಗಳಿಗೆ ಒಂದು ವಾರ ಹಿಡಿಯಿತು. ಆ ಬಳಿಕ ಹೊರಗೆ ಬರಲು ಮನಸ್ಸೇ ಆಗಲಿಲ್ಲ. ಅನಂತರ ಆತನ ಜೀವನವೃತ್ತಾಂತವನ್ನು ಹುಡುಕಿ ಓದಿದಾಗ, ಇದನ್ನು ನಮ್ಮ ಶಾಲೆಯ ಮಕ್ಕಳಿಗೆ ಹೇಳಲೇಬೇಕು ಎನಿಸಿತು. ಏಕೆಂದು ಮುಂದೆ ನಿಮಗೇ ತಿಳಿಯುವುದು.

ಮರ್ವಿನ್ ಪೀಕನು ಹುಟ್ಟಿದುದು ಇಂಗ್ಲೆಂಡಿನಲ್ಲಲ್ಲ, ಚೀನಾದೇಶದಲ್ಲಿ. 1911ನೆಯ ಇಸವಿ ಜುಲೈ 9ರಂದು, ಯಾಂಗ್‌ಟ್ಸೆ ನದಿಯ ದಕ್ಷಿಣಕ್ಕಿರುವ ಕುಲಿಂಗ್ ಎಂಬ ಗಿರಿಧಾಮದಲ್ಲಿ ಆತನ ಜನನವಾಯಿತು. ತಂದೆ ಅರ್ನೆಸ್ಟ್ ಪೀಕ್ ಲಂಡನ್ ಮಿಷನರಿ ಸೊಸೈಟಿಯ ವೈದ್ಯನು. ನಮ್ಮ ಬಳ್ಳಾರಿಯಲ್ಲಿ 1810ರಿಂದ ಕೆಲಸ ಮಾಡಿದ ಮಿಷನರಿಗಳನ್ನು ಕಳುಹಿಸಿದುದೂ ಇದೇ ಸಂಸ್ಥೆಯೇ. ತಾಯಿಯೂ ಮಿಷನ್ನಿನ ಕಾರ್ಯಕ್ಕಾಗಿ ಚೀನಾಕ್ಕೆ ಬಂದವಳು. ಮಗು ಹುಟ್ಟಿದ ಮೂರು ತಿಂಗಳಲ್ಲಿ ಆ ದೇಶದಲ್ಲಿ ಕ್ರಾಂತಿಯು ಆರಂಭವಾಯಿತು. 1912ರಲ್ಲಿ ಚೀನಾದ ಕೊನೆಯ ಚಕ್ರವರ್ತಿ ಸಿಂಹಾಸನವನ್ನು ತ್ಯಜಿಸಿದನು. ಆಗ ಆ ಚಕ್ರವರ್ತಿಗೆ ಆರು ವರ್ಷ ವಯಸ್ಸು! ಮೂರು ವರ್ಷವೂ ತುಂಬದ ಕೂಸಾಗಿದ್ದಾಗಲೇ ಅವನನ್ನು ಪಟ್ಟಕ್ಕೆ ಕೂರಿಸಿದ್ದರು. ಈ ಸಂಗತಿಯನ್ನು ನೆನಪಿನಲ್ಲಿಡಿರಿ.

ಕೆಲವು ಕಾಲದ ಮೇಲೆ ಕುಟುಂಬವು ಉತ್ತರದ ಟಿಯಾನ್‌ಜಿನ್ ನಗರದಲ್ಲಿ ನೆಲೆಸಿತು. ತಂದೆಗೆ ಅಲ್ಲಿನ ಮಿಷನ್ ಆಸ್ಪತ್ರೆಯ ಹೊಣೆ. ಆ ನಗರದ ಕೆಲವು ಭಾಗಗಳು ಆಗ ವಿದೇಶೀಯರ ಆಡಳಿತದಲ್ಲಿದ್ದವು. ಮಿಷನ್ನಿನ ಆವರಣದ ಒಳಗೆ ಇಂಗ್ಲೆಂಡಿನ ಮಾದರಿಯ ಮನೆ, ಇಂಗ್ಲಿಷ್ ಮಾತು, ಇಂಗ್ಲಿಷ್ ಪುಸ್ತಕಗಳು. ಗೋಡೆಯ ಹೊರಗೆ ಚೀನೀಯರ ಬೀದಿಗಳು, ರಿಕ್ಷಾ ಎಳೆಯುವವರು, ಹೊರೆ ಹೊರುವವರು, ಹಬ್ಬದ ಮೆರವಣಿಗೆಗಳು, ಬಡತನ, ರೋಗ. ಆ ಗೋಡೆಯ ಎರಡು ಪಕ್ಕಗಳನ್ನೂ ನೋಡುತ್ತ ಹುಡುಗನು ಬೆಳೆದನು. ಚಿತ್ರ ಬರೆಯುವುದು ಅವನಿಗೆ ಉಸಿರಾಟದಷ್ಟು ಸಹಜವಾಗಿತ್ತು. ಚೀನಾದಲ್ಲಿ ಜನರು ಪ್ರಯಾಣಮಾಡುವ ಬಗೆಗಳನ್ನು ಕುರಿತು ಅವನು ಬಾಲ್ಯದಲ್ಲಿಯೇ ಬರೆದ ಪುಟ್ಟ ಲೇಖನವೊಂದು ಮಿಷನರಿಗಳ ಪತ್ರಿಕೆಯಲ್ಲಿ ಅಚ್ಚಾಯಿತು. ಶಾಲೆಯ ವಾರ್ಷಿಕ ಸಂಚಿಕೆಗೆ ಲೇಖನ ಕೊಡಲು ನಾಚುವವರು ಇದನ್ನು ಗಮನಿಸಬೇಕು.

1922ರ ಕೊನೆಯಲ್ಲಿ ಕುಟುಂಬವು ಚೀನಾವನ್ನು ಬಿಟ್ಟು ಇಂಗ್ಲೆಂಡಿಗೆ ಮರಳಿತು. ಮರಳಿತು ಎಂದು ತಂದೆತಾಯಿಗಳ ಮಟ್ಟಿಗೆ ಹೇಳಬಹುದು. ಹನ್ನೊಂದು ವರ್ಷದ ಹುಡುಗನಿಗಾದರೋ ಅದು ಹೆಚ್ಚುಕಡಿಮೆ ಹೊಸ ದೇಶವೇ. ಚೀನಾದಲ್ಲಿದ್ದಾಗ ಅವನು ವಿದೇಶಿ. ಇಂಗ್ಲೆಂಡಿಗೆ ಬಂದ ಮೇಲೆ ಚೀನಾದಿಂದ ಬಂದವನು. ಹಾಗಾದರೆ ಅವನ ಊರು ಯಾವುದು? ಮಕ್ಕಳೆ, ಈ ಪ್ರಶ್ನೆ ನಿಮಗೆ ಹೊಸದಲ್ಲ. ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ನಿಮ್ಮನ್ನು ಬೊಂಬಾಯಿಯವರು ಎಂದು ಕರೆಯುತ್ತಾರೆ. ಇಲ್ಲಿ ಚಾಳಿನ ನೆರೆಯವರು ನಿಮ್ಮ ಊರು ಯಾವುದೆಂದು ಕೇಳುತ್ತಾರೆ. ಈ ಎರಡು ಮಾತುಗಳ ನಡುವೆ ನಿಂತು ತಬ್ಬಿಬ್ಬಾದವರು ನಮ್ಮ ತರಗತಿಗಳಲ್ಲಿ ಅನೇಕರಿದ್ದಾರೆ. ಪೀಕನು ಆ ತಬ್ಬಿಬ್ಬನ್ನು ಏನು ಮಾಡಿಕೊಂಡನೆಂಬುದೇ ಈ ಲೇಖನದ ತಿರುಳು.

ಲಂಡನ್ನಿನ ಹೊರವಲಯದ ಎಲ್ಥಮ್ ಕಾಲೇಜ್ ಎಂಬ ಶಾಲೆಯು ಮಿಷನರಿಗಳ ಗಂಡುಮಕ್ಕಳಿಗಾಗಿ ಸ್ಥಾಪಿತವಾದುದು. ಪೀಕನು ಅಲ್ಲಿಗೆ ಸೇರಿದನು. ಆಟದಲ್ಲಿ ಮುಂದು, ಚಿತ್ರದಲ್ಲಿ ಇನ್ನೂ ಮುಂದು, ಕಾಗುಣಿತದಲ್ಲಿ ಮಾತ್ರ ಹಿಂದು. ಸ್ಟೀವನ್ಸನ್ನನ ಟ್ರೆಷರ್ ಐಲೆಂಡ್ ಎಂಬ ಕಡಲ್ಗಳ್ಳರ ಕಥೆಯು ಅವನ ಅಚ್ಚುಮೆಚ್ಚಿನ ಗ್ರಂಥ. ಆ ಶಾಲೆಯಲ್ಲಿ ಎರಿಕ್ ಡ್ರೇಕ್ ಎಂಬ ಇಂಗ್ಲಿಷ್ ಅಧ್ಯಾಪಕನಿದ್ದನು. ಹುಡುಗನ ಕೈಚಳಕವನ್ನು ಕಂಡು ಆತನು ಪ್ರೋತ್ಸಾಹವಿತ್ತನು. ಶಿಷ್ಯನು ಶಾಲೆಯನ್ನು ಬಿಟ್ಟ ಮೇಲೂ ಗುರುವು ಅವನನ್ನು ಮರೆಯಲಿಲ್ಲ. ಪೀಕನು 1929ರಲ್ಲಿ ಕ್ರಾಯ್ಡನ್ನಿನ ಕಲಾಶಾಲೆಯಲ್ಲಿಯೂ, ಅದೇ ವರ್ಷದ ಕೊನೆಯಿಂದ ಲಂಡನ್ನಿನ ರಾಯಲ್ ಅಕಾಡೆಮಿಯ ಶಾಲೆಯಲ್ಲಿಯೂ ಅಭ್ಯಾಸ ಮಾಡಿದನು. ಅಷ್ಟರಲ್ಲಿ ಡ್ರೇಕನು ಇಂಗ್ಲಿಷ್ ಕಾಲುವೆಯ ಸಾರ್ಕ್ ಎಂಬ ಚಿಕ್ಕ ದ್ವೀಪದಲ್ಲಿ ಕಲಾವಿದರ ಬೀಡೊಂದನ್ನು ಸ್ಥಾಪಿಸಿ, ತನ್ನ ಹಳೆಯ ಶಿಷ್ಯನಿಗೆ ಕರೆಕಳುಹಿಸಿದನು. 1933ರಿಂದ ಸುಮಾರು ಎರಡು ವರ್ಷ ಪೀಕನು ಅಲ್ಲಿದ್ದು ಚಿತ್ರಗಳನ್ನು ಬರೆದನು. ಮೋಟಾರು ಕಾರುಗಳಿಲ್ಲದ, ಸುತ್ತಲೂ ಕಡಿದಾದ ಬಂಡೆಗಳೇ ಇರುವ ಆ ದ್ವೀಪವು ಆತನ ಮನಸ್ಸಿನಲ್ಲಿ ಕೊನೆಯವರೆಗೂ ನೆಲೆನಿಂತಿತು.

1935ರಲ್ಲಿ ಆತನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಕಲಾಶಾಲೆಯಲ್ಲಿ ಅಧ್ಯಾಪಕನಾದನು. ಅಲ್ಲಿ ಮೇವ್ ಗಿಲ್ಮೋರ್ ಎಂಬ ವಿದ್ಯಾರ್ಥಿನಿಯ ಪರಿಚಯವಾಯಿತು. ಆಕೆಯೂ ಚಿತ್ರಕರ್ತ್ರಿ. 1937ರಲ್ಲಿ ಇಬ್ಬರಿಗೂ ವಿವಾಹವಾಯಿತು. ಇಬ್ಬರು ಗಂಡುಮಕ್ಕಳು, ಒಬ್ಬ ಮಗಳು ಹುಟ್ಟಿದರು. 1939ರಲ್ಲಿ, ಕಡಲ್ಗಳ್ಳರ ನಾಯಕನೊಬ್ಬನ ಕಥೆಯನ್ನು ಮಕ್ಕಳಿಗಾಗಿ ಚಿತ್ರಸಮೇತ ಬರೆದು ಆತನು ಪ್ರಕಟಿಸಿದನು. ಆದರೆ ಅದೇ ವರ್ಷ ಎರಡನೆಯ ಮಹಾಯುದ್ಧವು ಆರಂಭವಾಯಿತು. ಜರ್ಮನರ ಬಾಂಬುಗಳಿಂದ ಉಗ್ರಾಣಕ್ಕೆ ಬೆಂಕಿ ತಗಲಿ ಆ ಪುಸ್ತಕದ ಬಹುಪಾಲು ಪ್ರತಿಗಳು ಸುಟ್ಟುಬೂದಿಯಾದುವು.

1940ರಲ್ಲಿ ಸರಕಾರವು ಪೀಕನನ್ನು ಸೈನ್ಯಕ್ಕೆ ಕರೆಯಿತು. ಯುದ್ಧದ ಚಿತ್ರಗಳನ್ನು ಬರೆಯುವ ಕೆಲಸವನ್ನು ಕೊಡಿರೆಂದು ಆತನು ಕೇಳಿಕೊಂಡನು. ಆಗ ಅದು ದೊರೆಯಲಿಲ್ಲ. ಕುಂಚ ಹಿಡಿಯುವ ಕೈಗೆ ಬಂದೂಕನ್ನು ಕೊಟ್ಟು ಒಂದು ಶಿಬಿರದಿಂದ ಮತ್ತೊಂದಕ್ಕೆ ಆತನನ್ನು ಅಟ್ಟಿದರು. ಸಿಪಾಯಿಗಿರಿ ಆತನಿಗೆ ಒಗ್ಗಲೇ ಇಲ್ಲ. ಆದರೆ ಇಂಥ ದಿನಗಳಲ್ಲಿಯೇ ಆತನು ಬಿಡುವಿದ್ದಾಗ ನೋಟುಪುಸ್ತಕವನ್ನು ತೆಗೆದು ಒಂದು ಕಥೆಯನ್ನು ಬರೆಯತೊಡಗಿದನು. ಬರೆಯುತ್ತಿದ್ದಂತೆ ಅಂಚಿನಲ್ಲಿ ಪಾತ್ರಗಳ ಮುಖಗಳನ್ನು ಗೀಚುವನು. ಆ ಮುಖವನ್ನು ನೋಡಿದೊಡನೆ ಅದರ ಮಾತು ಕೇಳಿಸುವುದು. ಅದನ್ನು ಬರೆಯುವನು. ತುಂಬಿದ ಪುಸ್ತಕಗಳನ್ನು ಪತ್ನಿಗೆ ಕಳುಹಿಸುವನು. 1942ರಲ್ಲಿ ಆತನ ಮನಸ್ಸಿನ ಸ್ವಾಸ್ಥ್ಯವು ಕೆಟ್ಟು ಆಸ್ಪತ್ರೆಯನ್ನು ಸೇರಬೇಕಾಯಿತು. 1943ರಲ್ಲಿ ಸೈನ್ಯದಿಂದ ಬಿಡುಗಡೆಯಾಯಿತು. ಕಥೆಯು ಮಾತ್ರ ನಿಲ್ಲಲಿಲ್ಲ. ಅದೇ ಟೈಟಸ್ ಗ್ರೋನ್ ಎಂಬ ಕಾದಂಬರಿ.

ಇಂಗ್ಲಿಷಿನಲ್ಲಿ ಗಾಥಿಕ್ ಕಾದಂಬರಿ ಎಂಬುದೊಂದು ಬಗೆಯುಂಟು. 1764ರಲ್ಲಿ ಹೊರೇಸ್ ವಾಲ್ಪೋಲನು ಬರೆದ ಕಥೆಯಿಂದ ಅದರ ಪರಂಪರೆ ಆರಂಭವಾಯಿತೆಂದು ಹೇಳುತ್ತಾರೆ. ಹಳೆಯ ಕೋಟೆ, ಕತ್ತಲೆಯ ಓಣಿ, ವಂಶದ ಗುಟ್ಟು, ಭಯ ಇವು ಅದರ ಸಾಮಗ್ರಿ. ಪೀಕನು ಈ ಸಾಮಗ್ರಿಯನ್ನೆಲ್ಲ ತೆಗೆದುಕೊಂಡನು. ಆದರೆ ದೆವ್ವವನ್ನೂ ಮಾಟಮಂತ್ರವನ್ನೂ ಹೊರಗಿಟ್ಟನು. ಅವುಗಳ ಸ್ಥಾನದಲ್ಲಿ ವಿಚಿತ್ರಸ್ವಭಾವದ ಮನುಷ್ಯರನ್ನು ತುಂಬಿದನು. ನಗು ಬರುವಂಥವರು, ಅಯ್ಯೋ ಪಾಪ ಎನಿಸುವಂಥವರು, ಮೈ ನಡುಗಿಸುವಂಥವರು. ಅನೇಕರು ಈ ಮೂರನ್ನೂ ಒಮ್ಮೆಗೇ ಮಾಡುವವರು!

ಗಾರ್ಮನ್‌ಘಾಸ್ಟ್ ಒಂದು ಊರಿನಷ್ಟು ವಿಶಾಲವಾದ ಕೋಟೆ. ಅದರ ಕೊಠಡಿಗಳನ್ನು ಲೆಕ್ಕ ಹಾಕಿದವರಿಲ್ಲ. ಅಲ್ಲಿನ ದೊರೆಗೆ ಅರ್ಲ್ ಎಂಬ ಬಿರುದು. ಎಪ್ಪತ್ತಾರನೆಯ ಅರ್ಲನು ಸದಾ ವಿಷಣ್ಣನಾಗಿರುವವನು. ಪುಸ್ತಕಭಂಡಾರವೊಂದೇ ಆತನಿಗೆ ನೆಮ್ಮದಿಯ ತಾಣ. ಆತನ ರಾಣಿಯು ದೊಡ್ಡ ಗಾತ್ರದವಳು. ಆಕೆಯ ಕೆಂಗೂದಲಲ್ಲಿ ಹಕ್ಕಿಗಳು ಕುಳಿತಿರುತ್ತವೆ, ಕಾಲ ಬಳಿ ಬಿಳಿಯ ಬೆಕ್ಕುಗಳ ಸಮುದ್ರವೇ ಹರಿಯುತ್ತದೆ. ಹೆತ್ತ ಮಕ್ಕಳಿಗಿಂತ ಆಕೆಗೆ ಬೆಕ್ಕುಗಳ ಮೇಲೆಯೇ ಲಕ್ಷ್ಯ. ಮಗಳು ಫ್ಯೂಷಿಯಾ ಅಟ್ಟದ ಮೇಲೆ ತನ್ನದೇ ಗುಪ್ತರಾಜ್ಯವನ್ನು ಮಾಡಿಕೊಂಡು ಕನಸು ಕಾಣುವ ಹುಡುಗಿ. ಅರ್ಲನ ಸೇವಕ ಫ್ಲೇ ಎಂಬವನು ಕಡ್ಡಿಯಂತೆ ಸಣಕಲು. ನಡೆಯುವಾಗ ಅವನ ಮೊಳಕಾಲುಗಳು ಲಟಲಟನೆ ಸದ್ದುಮಾಡುತ್ತವೆ. ಬಾಣಸಿಗ ಸ್ವೆಲ್ಟರನೋ ಬೆಟ್ಟದಂಥ ಮೈಯವನು. ಇವರಿಬ್ಬರಿಗೂ ಬದ್ಧದ್ವೇಷ. ಮಾತಿಗೊಮ್ಮೆ ಕಿಸಕಿಸನೆ ನಗುವ ವೈದ್ಯನೊಬ್ಬನು, ತಮಗೆ ಅಧಿಕಾರ ಬೇಕೆಂದು ಹಂಬಲಿಸುವ ಬುದ್ಧಿಮಂದ ಅವಳಿ ಸೋದರಿಯರು, ತನ್ನನ್ನು ತಾನೇ ಕನಿಕರಿಸಿಕೊಳ್ಳುವ ಪುಟ್ಟ ಮುದಿದಾದಿ, ಹೀಗೆ ಒಬ್ಬರಂತೆ ಒಬ್ಬರಿಲ್ಲ. ಒಮ್ಮೆ ಫ್ಲೇ ಸಿಟ್ಟಿನ ಭರದಲ್ಲಿ ರಾಣಿಯ ಬೆಕ್ಕೊಂದನ್ನು ಎತ್ತಿ ಶತ್ರುವಿನ ಮೇಲೆ ಎಸೆಯುತ್ತಾನೆ. ಜೀವಮಾನವೆಲ್ಲ ಸೇವೆ ಸಲ್ಲಿಸಿದವನಿಗೆ ಆ ಒಂದು ಅಪರಾಧಕ್ಕಾಗಿ ಕೋಟೆಯಿಂದ ಗಡೀಪಾರು! ಓದುವಾಗ ನಗು ಬರುತ್ತದೆ. ಮುಂದೆ ಅವನು ಕಾಡಿನಲ್ಲಿ ಒಂಟಿಯಾಗಿ ಬದುಕುತ್ತ ತನ್ನನ್ನು ಹೊರದೂಡಿದ ಕೋಟೆಯನ್ನೇ ದೂರದಿಂದ ಕಾಯುವುದನ್ನು ಓದಿದಾಗ ಆ ನಗು ಗಂಟಲಲ್ಲಿಯೇ ಉಳಿಯುತ್ತದೆ.

ಆ ಕೋಟೆಯನ್ನು ನಿಜವಾಗಿ ಆಳುವುದು ಕಟ್ಟಳೆ. ಯಾವ ದಿನ, ಯಾವ ಹೊತ್ತಿಗೆ, ಯಾವ ಮೆಟ್ಟಿಲನ್ನು ಅರ್ಲನು ಇಳಿಯಬೇಕು ಎಂಬುದೆಲ್ಲ ದಪ್ಪ ಗ್ರಂಥಗಳಲ್ಲಿ ಬರೆದಿದೆ. ಏಕೆಂದು ಯಾರಿಗೂ ತಿಳಿಯದು. ಕೇಳುವುದೂ ಅಪರಾಧ. ಕೋಟೆಯ ಗೋಡೆಯ ಹೊರಗೆ ಮಣ್ಣಿನ ಗುಡಿಸಲುಗಳಲ್ಲಿ ಬಡಜನರು ವಾಸಿಸುತ್ತಾರೆ. ಅವರು ವರ್ಷವೆಲ್ಲ ಮರದ ಗೊಂಬೆಗಳನ್ನು ಕೆತ್ತುತ್ತಾರೆ. ಜೂನ್ ತಿಂಗಳ ಮೊದಲ ದಿನ ಅರ್ಲನ ಮುಂದೆ ಅವುಗಳ ಪ್ರದರ್ಶನ. ಮೂರನ್ನು ಆರಿಸಿ, ಉಳಿದುವನ್ನು ಬೆಂಕಿಗೆ ಹಾಕುತ್ತಾರೆ. ಆರಿಸಿದ ಮೂರನ್ನು ಯಾರೂ ಕಾಲಿಡದ ಹಜಾರದಲ್ಲಿ ಧೂಳು ಹಿಡಿಯಲು ಇಡುತ್ತಾರೆ. ಗೋಡೆಯ ಒಳಗೊಂದು ಲೋಕ, ಹೊರಗೊಂದು ಲೋಕ. ಈ ಗೋಡೆಯನ್ನು ನಾವು ಹಿಂದೆ ಟಿಯಾನ್‌ಜಿನ್ನಿನಲ್ಲಿ ಕಂಡೆವಲ್ಲವೆ?

ಇಂಥಲ್ಲಿ ಎಪ್ಪತ್ತೇಳನೆಯ ಅರ್ಲನಾಗಬೇಕಾದ ಟೈಟಸ್ ಎಂಬ ಮಗುವು ಹುಟ್ಟುವ ದಿನದಿಂದ ಕಥೆಯು ಮೊದಲಾಗುತ್ತದೆ. ಅದೇ ದಿನ ಅಡಿಗೆಮನೆಯಿಂದ ಸ್ಟಿಯರ್‌ಪೈಕ್ ಎಂಬ ಹದಿನೇಳು ವರ್ಷದ ಹುಡುಗನು ತಪ್ಪಿಸಿಕೊಳ್ಳುತ್ತಾನೆ. ಅವನು ಚುರುಕುಬುದ್ಧಿಯವನು, ಧೈರ್ಯಶಾಲಿ. ಮೊದಮೊದಲು ಅವನ ಮೇಲೆ ನಮಗೆ ಮೆಚ್ಚಿಕೆಯೇ ಹುಟ್ಟುತ್ತದೆ. ಆದರೆ ಅವನಲ್ಲಿ ಕರುಣೆಯಿಲ್ಲ. ಸಿಹಿಮಾತಿನಿಂದ ಒಬ್ಬೊಬ್ಬರನ್ನೇ ಏಣಿಯ ಮೆಟ್ಟಿಲಾಗಿ ಮಾಡಿಕೊಂಡು ಮೇಲೇರುತ್ತಾನೆ. ಅವನ ಹೂಟದಿಂದಲೇ ಪುಸ್ತಕಭಂಡಾರವು ಉರಿದುಹೋಗುತ್ತದೆ, ಅರ್ಲನಿಗೆ ಬುದ್ಧಿಭ್ರಮಣೆಯಾಗುತ್ತದೆ. ಎರಡು ವರ್ಷವೂ ತುಂಬದ ಟೈಟಸನಿಗೆ ಪಟ್ಟಾಭಿಷೇಕವಾಗುತ್ತದೆ. ಚೀನಾದ ಬಾಲಚಕ್ರವರ್ತಿಯನ್ನು ನೆನಪಿನಲ್ಲಿಡಿರೆಂದು ನಾನು ಹೇಳಿದುದು ಇದಕ್ಕಾಗಿಯೇ. ಪಟ್ಟದ ಸಮಯದಲ್ಲಿ ಕೈಗಿತ್ತ ಪವಿತ್ರ ವಸ್ತುಗಳನ್ನು ಆ ಕೂಸು ಸರೋವರದ ನೀರಿಗೆ ಬೀಳಿಸಿಬಿಡುತ್ತದೆ. ನೆರೆದವರೆಲ್ಲ ಸ್ತಂಭೀಭೂತರಾಗುತ್ತಾರೆ. ಎರಡನೆಯ ಸಂಪುಟದಲ್ಲಿ ಟೈಟಸನು ಬೆಳೆದು, ಹಿರಿಯರ ಮನೆಯನ್ನು ಪ್ರೀತಿಸುವುದೋ ಅದರಿಂದ ಬಿಡಿಸಿಕೊಳ್ಳುವುದೋ ಎಂಬ ತೊಳಲಾಟದಲ್ಲಿ ಸಿಲುಕುತ್ತಾನೆ. ಮಹಾಪ್ರವಾಹವೊಂದು ಕೋಟೆಯನ್ನು ಮುತ್ತಿದಾಗ ಸ್ಟಿಯರ್‌ಪೈಕನನ್ನು ಎದುರಿಸಿ ತನ್ನ ಮನೆಯನ್ನು ಉಳಿಸುವವನೂ ಅವನೇ. ಕೊನೆಗೆ ಅದನ್ನು ಬಿಟ್ಟು ಲೋಕವನ್ನು ಕಾಣಲು ಹೊರಡುವವನೂ ಅವನೇ.

ಇನ್ನು ಮತ್ತೆ ಪೀಕನ ಜೀವನಕ್ಕೆ ಬರೋಣ. 1945ರಲ್ಲಿ ಯುದ್ಧವು ಮುಗಿದೊಡನೆ ಪತ್ರಿಕೆಯೊಂದು ಆತನನ್ನು ಜರ್ಮನಿಗೆ ಕಳುಹಿಸಿತು. ಬೆಲ್ಸೆನ್ ಎಂಬಲ್ಲಿ ನಾಜಿಗಳು ಸಾವಿರಾರು ಜನರನ್ನು ಹಸಿವಿನಿಂದಲೂ ರೋಗದಿಂದಲೂ ಕೊಂದ ಸೆರೆಶಿಬಿರವಿತ್ತು. ಬಿಡುಗಡೆಯಾದ ಮೇಲೂ ಅಲ್ಲಿ ಜನರು ಸಾಯುತ್ತಲೇ ಇದ್ದರು. ಕ್ಷಯದಿಂದ ಸಾಯುತ್ತಿದ್ದ ಹುಡುಗಿಯೊಬ್ಬಳ ಚಿತ್ರವನ್ನು ಪೀಕನು ಬರೆದನು. ಬರೆಯುತ್ತಿದ್ದಂತೆ ಆತನ ಮನಸ್ಸಿನಲ್ಲಿ ಅಳುಕು ಹುಟ್ಟಿತು. ಸಾಯುವವಳನ್ನು ಚಿತ್ರದ ವಸ್ತುವೆಂದು ನೋಡುವ ತನ್ನ ಕಣ್ಣು ಎಂಥದು? ಆ ನೋವನ್ನು ಆತನು ಕವಿತೆಯಲ್ಲಿ ತೋಡಿಕೊಂಡನು. ಅಲ್ಲಿ ಕಂಡ ದೃಶ್ಯಗಳು ಆತನನ್ನು ಮತ್ತೆಂದೂ ಬಿಡಲಿಲ್ಲ. ಮುಂದೆ ಟೈಟಸನ ಮೂರನೆಯ ಕಥೆಯಲ್ಲಿ ಅದರ ನೆರಳು ಬಿದ್ದಿದೆ.

ಟೈಟಸ್ ಗ್ರೋನಿನ ಹಸ್ತಪ್ರತಿಯನ್ನು ಪ್ರಕಾಶನಸಂಸ್ಥೆಯಲ್ಲಿದ್ದ ಗ್ರಹಾಂ ಗ್ರೀನನು ಓದಿದನು. ಆತನೂ ಪ್ರಸಿದ್ಧ ಕಾದಂಬರಿಕಾರನೇ. ಮಾತು ಅತಿಯಾಯಿತೆಂದು ಆತನು ಕಠೋರವಾಗಿ ತಪ್ಪುಗಳನ್ನು ಎತ್ತಿ ತೋರಿಸಿದನು. ಪೀಕನು ಮುನಿಸಿಕೊಂಡು ಕೂರಲಿಲ್ಲ. ಹಸ್ತಪ್ರತಿಯನ್ನು ಮರಳಿ ತಿದ್ದಿದನು. 1946ರಲ್ಲಿ ಪುಸ್ತಕವು ಹೊರಬಂದಿತು. ಆ ವರ್ಷವೇ ಆತನು ಹೆಂಡತಿಮಕ್ಕಳೊಡನೆ ಸಾರ್ಕ್ ದ್ವೀಪಕ್ಕೆ ಹೋಗಿ 1949ರವರೆಗೆ ಅಲ್ಲಿ ವಾಸಿಸಿದನು. ಎರಡನೆಯ ಸಂಪುಟವಾದ ಗಾರ್ಮನ್‌ಘಾಸ್ಟ್ 1950ರಲ್ಲಿ ಪ್ರಕಟವಾಯಿತು. ಅದಕ್ಕೂ ಆತನ ಕವಿತಾಸಂಗ್ರಹವೊಂದಕ್ಕೂ 1951ರಲ್ಲಿ ರಾಯಲ್ ಸೊಸೈಟಿ ಆಫ್ ಲಿಟರೇಚರಿನ ಬಹುಮಾನ ಬಂದಿತು. ಈ ನಡುವೆ ಆಲಿಸಳ ಅದ್ಭುತಲೋಕ, ಗ್ರಿಮ್ ಸೋದರರ ಕಥೆಗಳು ಮೊದಲಾದ ಗ್ರಂಥಗಳಿಗೆ ಚಿತ್ರಗಳನ್ನು ಬರೆದನು. ಬಾಲ್ಯದಲ್ಲಿ ಹುಚ್ಚುಹಿಡಿಸಿದ್ದ ಟ್ರೆಷರ್ ಐಲೆಂಡಿಗೂ 1949ರಲ್ಲಿ ಆತನ ಚಿತ್ರಗಳೇ ಸೇರಿದುವು.

ಕೀರ್ತಿ ಸ್ವಲ್ಪ ಬಂದಿತಾದರೂ ಹಣ ಬರಲಿಲ್ಲ. ಸಂಸಾರನಿರ್ವಹಣೆಗಾಗಿ ಆತನು ಮತ್ತೆ ಕಲಾಶಾಲೆಯಲ್ಲಿ ಪಾಠ ಹೇಳಿದನು. ನಾಟಕವೊಂದರಿಂದ ಸಾಲಗಳೆಲ್ಲ ತೀರುವುವೆಂದು ಆಸೆಯಿಟ್ಟಿದ್ದನು. 1957ರಲ್ಲಿ ಅದು ರಂಗಕ್ಕೆ ಬಂದು ಸೋತಿತು. ಆ ಪೆಟ್ಟಿಗೆ ಆತನು ಕುಸಿದನು. ಅಷ್ಟರಲ್ಲಿಯೇ ದೇಹದೊಳಗೆ ರೋಗವೊಂದು ಬೇರೂರಿತ್ತು. ಕೈ ನಡುಗತೊಡಗಿತು, ನೆನಪು ಮಸುಕಾಗತೊಡಗಿತು. ಮೂರನೆಯ ಸಂಪುಟವಾದ ಟೈಟಸ್ ಅಲೋನ್ ಎಂಬುದನ್ನು ಆತನು ಬಹು ಕಷ್ಟದಿಂದ ಮುಗಿಸಿದನು. 1959ರಲ್ಲಿ ಅದು ಪ್ರಕಾಶಕರ ಕತ್ತರಿಪ್ರಯೋಗಕ್ಕೆ ಒಳಗಾಗಿ ಹೊರಬಂದಿತು. 1960ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆ ನಡೆಯಿತು. ಗುಣ ಕಾಣಲಿಲ್ಲ. 1962ರಲ್ಲಿ ಪ್ರಕಟವಾದ ಕಥನಕವನವೊಂದಕ್ಕೆ ಪತ್ನಿಯ ನೆರವಿನಿಂದ ಚಿತ್ರಗಳನ್ನು ಬರೆದುದೇ ಆತನ ಕೊನೆಯ ಕೆಲಸಗಳಲ್ಲೊಂದು. ಅನಂತರ ಆ ಕೈಗೆ ಗೆರೆಯೂ ಒಲಿಯಲಿಲ್ಲ, ಮಾತೂ ಒಲಿಯಲಿಲ್ಲ. 1968ರ ನವೆಂಬರ್ 17ರಂದು, ಐವತ್ತೇಳನೆಯ ವಯಸ್ಸಿನಲ್ಲಿ ಮರ್ವಿನ್ ಪೀಕನು ತೀರಿಕೊಂಡನು. ಸಸೆಕ್ಸ್ ಪ್ರಾಂತದ ಬರ್ಫಮ್ ಎಂಬ ಹಳ್ಳಿಯ ಇಗರ್ಜಿಯ ಅಂಗಳದಲ್ಲಿ ಆತನ ಸಮಾಧಿಯಿದೆ.

ಆತನ ಕಾದಂಬರಿಗಳು ಪೆಂಗ್ವಿನ್ ಸಂಸ್ಥೆಯ ಆಧುನಿಕ ಅಭಿಜಾತ ಗ್ರಂಥಗಳ ಮಾಲೆಯಲ್ಲಿ ಬರತೊಡಗಿದುದು ಅದೇ 1968ರಲ್ಲಿ. ಅಂದಿನಿಂದ ಓದುಗರು ಹೆಚ್ಚುತ್ತಲೇ ಹೋದರು. ಬದುಕಿರುವಾಗ ಬಾರದ ಭಾಗ್ಯವು ಬಂದಾಗ ಅದನ್ನು ತಿಳಿಯುವ ಶಕ್ತಿಯೇ ಆತನಿಗೆ ಇರಲಿಲ್ಲ. ಪತ್ನಿಯು 1970ರಲ್ಲಿ ತಮ್ಮಿಬ್ಬರ ಬಾಳಿನ ನೆನಪುಗಳನ್ನು ಬರೆದು ಪ್ರಕಟಿಸಿದಳು. ಅದೇ ವರ್ಷ ಟೈಟಸ್ ಅಲೋನಿನ ಬಿಟ್ಟುಹೋದ ಭಾಗಗಳನ್ನು ಹಸ್ತಪ್ರತಿಗಳಿಂದ ಹುಡುಕಿ ಸೇರಿಸಿ ಮರುಮುದ್ರಿಸಿದರು. 2010ರಲ್ಲಿ ಬ್ರಿಟಿಷ್ ಲೈಬ್ರರಿಯು ಆತನ ಕಾಗದಪತ್ರಗಳನ್ನು ಕೊಂಡು ತನ್ನ ಭಂಡಾರದಲ್ಲಿ ಇರಿಸಿತು. ಶಿಬಿರದಿಂದ ಶಿಬಿರಕ್ಕೆ ಅಲೆದಾಡಿದ ಕಾಲದ ಬರೆವಣಿಗೆಯನ್ನು ಇಂದು ದೇಶವೇ ಕಾಪಾಡುತ್ತಿದೆ.

ಮಕ್ಕಳೆ, ಪೀಕನಿಗೆ ಚೀನಾವೂ ಪೂರ್ತಿಯಾಗಿ ದಕ್ಕಲಿಲ್ಲ, ಇಂಗ್ಲೆಂಡೂ ಪೂರ್ತಿಯಾಗಿ ದಕ್ಕಲಿಲ್ಲ. ಆದರೆ ಎರಡನ್ನೂ ಆತನು ಕಣ್ಣುತೆರೆದು ನೋಡಿದ್ದನು. ಗೋಡೆಯ ಎರಡು ಪಕ್ಕಗಳನ್ನು ಬಲ್ಲವನಾದುದರಿಂದಲೇ ಅಂಥ ಗೋಡೆಗಳ ಕೋಟೆಯನ್ನು ಕಟ್ಟಬಲ್ಲವನಾದನು. ನಿಮಗೂ ಎರಡು ಊರುಗಳಿವೆ. ಅಜ್ಜಿಯ ಮನೆಯ ಅಟ್ಟ, ಅಲ್ಲಿನ ದೈವದ ಕೋಲ, ಜಾತ್ರೆ ಒಂದು ಕಡೆ. ಇಲ್ಲಿನ ಚಾಳು, ಲೋಕಲ್ ಗಾಡಿಯ ನೂಕುನುಗ್ಗಲು, ಮೆಟ್ಟಿಲ ಮೇಲೆ ಕುಳಿತು ತಮ್ಮಷ್ಟಕ್ಕೆ ಮಾತಾಡಿಕೊಳ್ಳುವ ಮುದುಕರು, ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತೇ ಬೀದಿಯನ್ನೆಲ್ಲ ಆಳುವ ಹೋಟೆಲಿನ ಯಜಮಾನರು ಇನ್ನೊಂದು ಕಡೆ. ವಿಚಿತ್ರ ಪಾತ್ರಗಳಿಗಾಗಿ ನೀವು ದೂರ ಹೋಗಬೇಕಾಗಿಲ್ಲ.

ನೀವು ಯಾವ ಊರಿನವರು ಎಂದು ಯಾರಾದರೂ ಕೇಳಿದಾಗ ತಲೆ ತಗ್ಗಿಸಬೇಡಿರಿ. ಎರಡನ್ನೂ ಹೇಳಿರಿ. ಮನೆಗೆ ಬಂದ ಮೇಲೆ ನೋಟುಪುಸ್ತಕವನ್ನು ತೆರೆದು, ಅಂದು ಕಂಡ ಒಂದು ಮುಖವನ್ನು ಅಂಚಿನಲ್ಲಿ ಗೀಚಿರಿ. ಅದರ ಮಾತು ಕೇಳಿಸಿದರೆ ಪಕ್ಕದಲ್ಲಿ ಬರೆಯಿರಿ. ಕಾಗುಣಿತದ ತಪ್ಪುಗಳನ್ನು ತಿದ್ದಲು ನಾವು ಅಧ್ಯಾಪಕರು ಇದ್ದೇವೆ. ಮುಂದಿನ ವರ್ಷದ ಸಂಚಿಕೆಗೆ ಆ ಪುಟವನ್ನು ತಂದುಕೊಡಿರಿ.